ಎದೆಯ ಮೇಲೆ ‘ಕಾಫಿಯವರು’: ಕುಶಾಲನಗರದಲ್ಲಿ ಹೊಲಿಸಿದ ಹದಿನೆಂಟು ಜೆರ್ಸಿಗಳು

ಅಂಗಡಿಯ ಹುಡುಗ ಮೊದಲು ತೋರಿಸಿದ ಲಾಂಛನದಲ್ಲಿ ಹಬೆಯಾಡುವ ಕಾಫಿ ಕಪ್ ಇತ್ತು. ಕಂಪ್ಯೂಟರಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದ ಸಿಂಹ, ಹದ್ದು, ಹುಲಿಗಳ ನಡುವೆ ಹುಡುಕಿ ತೆಗೆದು, “ಕಾಫಿ ಎಂದಿರಲ್ಲ ಸರ್, ಇದು ಸರಿಹೋಗುತ್ತದೆ” ಎಂದ. ನಾನು ಒಪ್ಪಲಿಲ್ಲ. ಕಪ್ ಹಾಕಿದರೆ ಹೋಟೆಲಿನವರ ತಂಡ ಎನಿಸುತ್ತದೆ. ನಮ್ಮ ಹುಡುಗರಿಗೆ ಕಾಫಿ ಎಂದರೆ ಗಿಡ, ಹಣ್ಣು, ಚೀಲ. ಜೇಬಿನಲ್ಲಿದ್ದ ಕಾಗದವನ್ನು ಬಿಡಿಸಿ ಅವನ ಮುಂದಿಟ್ಟೆ. ತೋಟದ ಕಾರ್ಮಿಕರು ಇರುವ ಲೈನ್ ಮನೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಟ್ಟ ಚಿತ್ರ ಅದು: ಎದುರುಬದುರಾಗಿ ಎರಡು ಎಲೆ, ಅವುಗಳ ಬುಡದಲ್ಲಿ ಗೊಂಚಲಾಗಿ ಐದು ಹಣ್ಣು. ನಾಲ್ಕು ಕೆಂಪು, ಒಂದು ಮಾತ್ರ ಹಸಿರು. “ಇದಕ್ಕೂ ಕೆಂಪು ತುಂಬಲೇ?” ಎಂದು ಹುಡುಗ ಕೇಳಿದ. “ಬೇಡಪ್ಪ, ಗಿಡದಲ್ಲಿ ಹಾಗೆಯೇ ಇರುತ್ತದೆ” ಎಂದೆ. ಒಂದೇ ಗೊಂಚಲಿನಲ್ಲಿ ಹಣ್ಣಾದದ್ದೂ ಕಾಯಿಯೂ ಒಟ್ಟಿಗೆ ಇರುವುದರಿಂದಲೇ ಕೊಯ್ಲಿನಲ್ಲಿ ಕೈಗೆ ಅಷ್ಟು ಕೆಲಸ. ಅದನ್ನು ನೋಡಿ ಬೆಳೆದ ಮಗು ಬರೆದ ಚಿತ್ರವನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ನಾನು ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿರುವ ಒಂದು ತೋಟದಲ್ಲಿ ರೈಟರ್. ಹಾಜರಿ ಬರೆಯುವುದು, ಸಂಜೆ ಹಣ್ಣಿನ ತೂಕ ಬರೆಯುವುದು, ವಾರದ ಬಟವಾಡೆಯ ಲೆಕ್ಕ ಮಾಡುವುದು ನನ್ನ ಕೆಲಸ. ಲೈನ್ ಮನೆಗಳ ಹುಡುಗರ ಫುಟ್ಬಾಲ್ ತಂಡವನ್ನು ನೋಡಿಕೊಳ್ಳುವುದು ನಾನಾಗಿ ಹಚ್ಚಿಕೊಂಡದ್ದು. ಕಳೆದ ಡಿಸೆಂಬರಿನಲ್ಲಿ ಅವರಿಗೆ ಹದಿನೆಂಟು ಜೆರ್ಸಿ ಹೊಲಿಸಿದೆ. ಒಂದು ಕೊಯ್ಲು, ಒಂದು ಬೇಸಿಗೆ, ಒಂದು ಇಡೀ ಮಳೆಗಾಲ ಅವುಗಳನ್ನು ಹಾಕಿ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಬಟ್ಟೆಯ ಗುಣವನ್ನು ಮಳೆಗಾಲಕ್ಕೆ ಮುಂಚೆ ಹೇಳಬಾರದು. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಕುಶಾಲನಗರದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಅಂಗಡಿ. ಮುಂಭಾಗದಲ್ಲಿ ಗಂಡ ಮುದ್ರಣದ ಯಂತ್ರ ನೋಡಿಕೊಳ್ಳುತ್ತಾರೆ, ಹಿಂದಿನ ಕೋಣೆಯಲ್ಲಿ ಹೆಂಡತಿ ಕತ್ತರಿಸಿ ಹೊಲಿಯುತ್ತಾರೆ.

ಹೆಸರಿನ ವಿಷಯವನ್ನು ಮೊದಲು ಹೇಳಬೇಕು. ನಾನು ಈ ಅಂಗಡಿಯಿಂದ ಏನು ಬಯಸಿದೆ ಎಂಬುದು ಅದರಲ್ಲಿದೆ.

2017ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊದ ಚಿಯಾಪಾಸ್ ರಾಜ್ಯದ ಕರಾವಳಿಯಲ್ಲಿ ದೊಡ್ಡ ಭೂಕಂಪವಾಯಿತು. ತೀವ್ರತೆ 8.2. ಅಲ್ಲಿ 7ನೇ ತಾರೀಕಿನ ನಡುರಾತ್ರಿ ಹತ್ತಿರ, ನಮಗೆ 8ರ ಬೆಳಗ್ಗೆ. ಚಿಯಾಪಾಸ್ ಕಾಫಿಯ ರಾಜ್ಯ. ದರ ಏನಾಗುತ್ತದೆಯೋ ಎಂದು ಮೊಬೈಲಿನಲ್ಲಿ ಹುಡುಕುತ್ತಾ ಹೋದೆ. ಹಾಗೆ ಸಿಕ್ಕ ಊರು ತಪಾಚುಲ. ಗ್ವಾಟೆಮಾಲದ ಗಡಿಯಲ್ಲಿದೆ. ಸುತ್ತಲಿನ ಸೀಮೆಗೆ ಸೊಕೊನುಸ್ಕೊ ಎಂದು ಹೆಸರು, ಪಕ್ಕದಲ್ಲೇ ನಾಲ್ಕು ಸಾವಿರ ಮೀಟರಿಗೂ ಎತ್ತರದ ತಕಾನಾ ಜ್ವಾಲಾಮುಖಿ. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್ ಎಂದರೆ ಅದರ ಎತ್ತರವನ್ನು ಊಹಿಸಿಕೊಳ್ಳಬಹುದು. ಆ ಬೆಟ್ಟದ ಇಳಿಜಾರಿನಲ್ಲಿ ಮರಗಳ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ. ಕೊಯ್ಲಿಗೆ ಗಡಿ ದಾಟಿ ಗ್ವಾಟೆಮಾಲದ ಕುಟುಂಬಗಳು ಬರುತ್ತವೆ. ನಮ್ಮಲ್ಲಿಗೆ ಹಿಂದೆ ತಮಿಳುನಾಡು, ಕೇರಳಗಳಿಂದ ಬಂದ ಹಾಗೆ, ಈಗ ಅಸ್ಸಾಮಿನಿಂದ ಬರುವ ಹಾಗೆ.

ಆ ಊರಿನಲ್ಲಿ ಒಂದು ಫುಟ್ಬಾಲ್ ಕ್ಲಬ್ ಇತ್ತು. ಹುಟ್ಟಿ ಎರಡೇ ವರ್ಷ. 2015ರಲ್ಲಿ ಆರಂಭವಾಗಿ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಹೆಸರು ಕಫೆತಲೇರೋಸ್ ದೆ ತಪಾಚುಲ. ಕಫೆತಲೇರೋಸ್ ಎಂದರೆ ಕಾಫಿ ಬೆಳೆಯುವವರು. ಇಷ್ಟು ವರ್ಷ ಫುಟ್ಬಾಲ್ ನೋಡಿದ್ದೇನೆ. ಕಾಫಿಯ ಕೆಲಸವನ್ನೇ ಹೆಸರಾಗಿ ಇಟ್ಟುಕೊಂಡ ವೃತ್ತಿಪರ ತಂಡವನ್ನು ನಾನು ಕಂಡದ್ದು ಅದೇ ಮೊದಲು. ಅಂದಿನಿಂದ ಅವರ ಫಲಿತಾಂಶ ನೋಡುವುದು ರೂಢಿಯಾಯಿತು. ಅಲ್ಲಿ ರಾತ್ರಿಯ ಆಟ ಮುಗಿಯುವಾಗ ನಮ್ಮಲ್ಲಿ ಬೆಳಗಿನ ಹಾಜರಿಯ ಹೊತ್ತು. ಮೇಸ್ತ್ರಿ ಹೆಸರು ಕೂಗುತ್ತಿದ್ದರೆ ನಾನು ಪುಸ್ತಕದ ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ನಿಲ್ಲುತ್ತಿದ್ದೆ.

2018ರ ಮೊದಲರ್ಧದ ಟೂರ್ನಿಯನ್ನು ಅವರು ಗೆದ್ದರು. ಆ ಬಳಿಕ, ಅದಕ್ಕೂ ಹಿಂದಿನ ಟೂರ್ನಿ ಗೆದ್ದಿದ್ದ ಓಹಾಕದ ತಂಡದ ಮೇಲೆ ಬಡ್ತಿಯ ಫೈನಲನ್ನೂ ಗೆದ್ದರು. ಮೊದಲ ದರ್ಜೆಗೆ ಏರಬೇಕಿತ್ತು. ಏರಿಸಲಿಲ್ಲ. ಲೀಗ್ ಕೇಳುವ ಷರತ್ತುಗಳನ್ನು ಪೂರೈಸಿದ ಪ್ರಮಾಣಪತ್ರ ಅವರಲ್ಲಿರಲಿಲ್ಲ. ಕೆಳಗಿಳಿಯಬೇಕಾಗಿದ್ದ ಪ್ಯೂಬ್ಲಾದ ತಂಡ 12 ಕೋಟಿ ಪೆಸೊ ಕಟ್ಟಿ ಮೇಲೆಯೇ ಉಳಿಯಿತು. ಆ ಹಣ ಕಾಫಿಯವರಿಗೆ ಬಂತು. ಗೆದ್ದವರಿಗೆ ಜಾಗದ ಬದಲು ಹಣ. 2019ರಲ್ಲಿ ಕ್ಲಬ್ಬನ್ನು ರಾಜ್ಯದ ರಾಜಧಾನಿ ಟುಕ್ಸ್ಟ್ಲಾ ಗುಟಿಯೆರೆಸ್‌ಗೆ ಕೊಂಡೊಯ್ದರು, ಹೆಸರಿನಲ್ಲಿ ತಪಾಚುಲ ಹೋಗಿ ಚಿಯಾಪಾಸ್ ಬಂತು. 2020ರಲ್ಲಿ ಕಾನ್ಕೂನ್ ಎಂಬ ಸಮುದ್ರತೀರದ ಪ್ರವಾಸಿ ಊರಿಗೆ ಒಯ್ದಾಗ ಕಾಫಿಯ ಹೆಸರೂ ಹೋಯಿತು, ಕಾನ್ಕೂನ್ ಎಫ್‌ಸಿ ಆಯಿತು. ಅದೇ ವರ್ಷ ಎರಡನೇ ದರ್ಜೆಯ ಲೀಗಿಗೂ ಹೊಸ ಹೆಸರು ಕೊಟ್ಟು ಬಡ್ತಿಯ ಬಾಗಿಲನ್ನೇ ಮುಚ್ಚಿದರು. ಕಾಫಿ ತೋಟಗಳ ನಡುವಿನಿಂದ ರೆಸಾರ್ಟುಗಳ ಊರಿಗೆ ಹೋದ ತಂಡದ ಸುದ್ದಿಯನ್ನು ಕೊಡಗಿನಲ್ಲಿ ಕುಳಿತು ಓದುವಾಗ ನನಗೆ ಏನೆನ್ನಿಸಿತು ಎಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಪಾಚುಲಕ್ಕೂ ಎರಡನೇ ದರ್ಜೆಯ ಲೀಗಿನ ಜಾಗ ಬಂದದ್ದು ದೇಶದ ಇನ್ನೊಂದು ತುದಿಯ ಅಲ್ತಮಿರಾ ಊರಿನ ತಂಡದಿಂದಲೇ. ಮೆಕ್ಸಿಕೊದಲ್ಲಿ ಲೀಗಿನ ಜಾಗ ಎಂಬುದು ಕೊಂಡು ಮಾರಬಹುದಾದ, ಊರಿಂದೂರಿಗೆ ಸಾಗಿಸಬಹುದಾದ ಸೊತ್ತು. ನಮ್ಮ ಜಿಲ್ಲೆಯಲ್ಲಿ ಆಟದ ಲೆಕ್ಕ ಬೇರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಒಕ್ಕಗಳನ್ನು, ಅಂದರೆ ಕೊಡವ ಮನೆತನಗಳನ್ನು, ಸೇರಿಸಿ ಕೌಟುಂಬಿಕ ಹಾಕಿ ಆರಂಭಿಸಿದರು. ಅಲ್ಲಿ ತಂಡದ ಹೆಸರೇ ಒಕ್ಕದ ಹೆಸರು. ಅದನ್ನು ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ? ಲೈನ್ ಮನೆಯ ಹುಡುಗನಿಗೆ ಈ ಊರಿನಲ್ಲಿ ಅಂಥ ಹೆಸರಿಲ್ಲ. ಅಪ್ಪ ಅಮ್ಮ ಈ ವರ್ಷ ಈ ತೋಟ, ಮುಂದಿನ ವರ್ಷ ಮತ್ತೊಂದು ತೋಟ. ‘ಇಂಥ ಎಸ್ಟೇಟಿನ ಹುಡುಗ’ ಎಂದು ಕರೆಯುತ್ತಾರೆ, ತೋಟ ಬದಲಾದ ದಿನ ಆ ಕರೆಯೂ ಬದಲಾಗುತ್ತದೆ. ಇವರಿಗೆ ಒಂದು ಹೆಸರು ಬೇಕು, ಅದು ಅಂಗಿಯ ಮೇಲೆ ಇರಬೇಕು, ಅಂಗಿ ಹರಿಯುವ ತನಕ ಅಳಿಯಬಾರದು ಎಂಬುದು ನನ್ನ ಆಸೆಯಾಗಿತ್ತು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆಯ ಕಡೆ ಗುಡ್ಡ ಕುಸಿದಾಗ ನಮ್ಮ ಲೈನಿನವರೂ ಕೆಲವು ದಿನ ಪರಿಹಾರ ಕೇಂದ್ರದಲ್ಲಿದ್ದರು. ಸಂಜೆ ಮಕ್ಕಳನ್ನು ಕೂರಿಸಿಕೊಂಡು ಈ ಕ್ಲಬ್ಬಿನ ಕಥೆ ಹೇಳುತ್ತಿದ್ದೆ. ಭೂಕಂಪವಾದ ಸೀಮೆಯ ತಂಡ ಎಂಟೇ ತಿಂಗಳಲ್ಲಿ ಚಾಂಪಿಯನ್ ಆಯಿತು ಎಂದಾಗ ಅವರ ಕಣ್ಣು ಅರಳಿದ್ದು ನೆನಪಿದೆ. ಅಂದಿನ ಆ ಚಿಕ್ಕವರೇ ಈಗಿನ ತಂಡದ ಹುಡುಗರು. ಹೆಸರಿಡುವಾಗ ಅದೇ ಕಥೆ ಎತ್ತಿದರು. ‘ಕಾಫಿ ಬೆಳೆಗಾರರು’ ಎಂದು ನಾನು ಬರೆದೆ. “ಬೆಳೆಗಾರರು ಎಂದರೆ ಧಣಿಗಳಲ್ಲವೇ ರೈಟರೇ?” ಎಂದು ನಮ್ಮ ಗೋಲಿ, ಗೋಲ್ ಕಾಯುವ ಹುಡುಗ, ಕೇಳಿದ. ಮಾತು ಸರಿ. ಕೊನೆಗೆ ‘ಕಾಫಿಯವರು’ ಎಂದಾಯಿತು. ಹಾಲಿನವರು, ಪೇಪರಿನವರು ಎನ್ನುವ ಹಾಗೆ.

ಇನ್ನು ಅಂಗಿಯ ಮಾತು. ಬೆಲೆ ಒಂದಕ್ಕೆ 380 ರೂಪಾಯಿ, ಹದಿನೆಂಟಕ್ಕೆ 6,840. ಹುಡುಗರು ತಲಾ 150 ಹಾಕಿದರು, ಧಣಿಗಳು 3,000 ಕೊಟ್ಟರು, ಉಳಿದದ್ದನ್ನು ಮೇಸ್ತ್ರಿಯೂ ನಾನೂ ಹಂಚಿಕೊಂಡೆವು. ಇದಕ್ಕಿಂತ ಅಗ್ಗಕ್ಕೂ ಸಿಗುತ್ತದೆ. ಹಿಂದಿನ ಸಲ ಬೇರೊಂದು ಕಡೆಯಿಂದ ಅಗ್ಗದ್ದನ್ನೇ ತರಿಸಿದ್ದೆವು. ಅದರ ಸಂಖ್ಯೆಗಳು ರಬ್ಬರಿನ ಹಾಗೆ ಮೇಲೆ ಅಂಟಿಸಿದಂಥವು. ಎರಡು ತಿಂಗಳಲ್ಲಿ ಬಿರುಕು ಬಿಟ್ಟು ಸಿಪ್ಪೆಯಾಗಿ ಎದ್ದು ಬಂದವು. ಈ ಅಂಗಡಿಯವರು ಮಾಡುವುದು ಸಬ್ಲಿಮೇಷನ್ ಮುದ್ರಣ. ಚಿತ್ರವನ್ನು ಮೊದಲು ಕಾಗದದ ಮೇಲೆ ತಿರುವುಮುರುವಾಗಿ ಅಚ್ಚು ಹಾಕಿ, ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ದಾರದೊಳಗೇ ಇಳಿಯುತ್ತದೆ. ಬೆರಳಿನಿಂದ ಸವರಿದರೆ ಅಕ್ಷರ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಹತ್ತಿಯ ಬಟ್ಟೆಗೆ ಇದು ಹಿಡಿಯದು. ಹತ್ತು ತಿಂಗಳಾದರೂ ನಮ್ಮ ಹೆಸರು ಮೊದಲ ದಿನದ ಹಾಗೆಯೇ ಇದೆ. ಇದೊಂದಕ್ಕೇ ನಾನು ಅವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಬಣ್ಣದ ವಿಷಯದಲ್ಲಿ ಅವರು ತೋರಿಸಿದ ತಾಳ್ಮೆಯನ್ನು ಮರೆಯಲಾರೆ. ಕಂಪ್ಯೂಟರಿನ ಪರದೆಯಲ್ಲಿ ಕಂಡ ಕೆಂಪು ಬಟ್ಟೆಯ ಮೇಲೆ ಬರುವಾಗ ಗುಲಾಬಿಯ ಕಡೆಗೆ ವಾಲುತ್ತಿತ್ತು. ಎರಡನೇ ಸಲ ಹೋಗುವಾಗ ಗಿಡದಿಂದ ಆಗಷ್ಟೇ ಕಿತ್ತ ನಾಲ್ಕು ಅರೇಬಿಕಾ ಹಣ್ಣುಗಳನ್ನು ಎಲೆಯಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಹಣ್ಣು ಮರುದಿನಕ್ಕೆ ಕಪ್ಪಾಗುತ್ತದೆ, ಅಂದೇ ನೋಡಬೇಕು. ಯಂತ್ರದವರು ಅಂಗೈ ಅಗಲದ ಐದು ತುಂಡುಗಳಿಗೆ ಐದು ಬಗೆಯ ಕೆಂಪನ್ನು ಒತ್ತಿ, ಒಂದೊಂದನ್ನೂ ಬಾಗಿಲ ಬೆಳಕಿಗೆ ಒಯ್ದು ಹಣ್ಣಿನ ಪಕ್ಕದಲ್ಲಿ ಹಿಡಿದರು. ನಾಲ್ಕನೆಯದು ಕೂಡಿತು. ಆ ತುಂಡುಗಳಿಗೆ ಹಣ ಕೇಳಲಿಲ್ಲ. ಮೈ ಆ ಕೆಂಪು, ತೋಳು ಎಲೆಯ ಗಾಢ ಹಸಿರು, ಅಕ್ಷರ ಹೂವಿನ ಬಿಳಿ.

ಹಿಂದಿನ ಕೋಣೆಯ ಅಕ್ಕನವರ ಕೈಗೆ ಇನ್ನೂ ಹೆಚ್ಚು ಸಲ್ಲಬೇಕು. ನಾನು ಒಯ್ದಿದ್ದ ಪಟ್ಟಿಯಲ್ಲಿ ಸ್ಮಾಲ್ ಇಷ್ಟು, ಮೀಡಿಯಂ ಇಷ್ಟು ಎಂದು ಬರೆದಿತ್ತು. ಅವರು ಪಟ್ಟಿಯನ್ನು ನೋಡಿ, “ಅಣ್ಣ, ಹುಡುಗರು ಏನು ಕೆಲಸ ಮಾಡುತ್ತಾರೆ?” ಎಂದು ಕೇಳಿದರು. ದೊಡ್ಡವರು ಚೀಲ ಹೊರುತ್ತಾರೆ, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಗೆ ಹತ್ತುತ್ತಾರೆ, ಚಿಕ್ಕವರು ಓದುತ್ತಾರೆ ಎಂದೆ. “ಹಾಗಾದರೆ ಈ ಪಟ್ಟಿ ಆಗುವುದಿಲ್ಲ. ಒಬ್ಬೊಬ್ಬರದೂ ಅಳತೆ ತನ್ನಿ” ಎಂದು ಒಂದು ಟೇಪ್ ಕೊಟ್ಟು, ಎದೆಯ ಸುತ್ತ ಎಲ್ಲಿ ಹಿಡಿಯಬೇಕು, ಭುಜದ ಮೂಳೆಯಿಂದ ಮೂಳೆಗೆ ಹೇಗೆ ಅಳೆಯಬೇಕು ಎಂದು ಅಂಗಡಿಯ ಹುಡುಗನನ್ನೇ ನಿಲ್ಲಿಸಿ ತೋರಿಸಿಕೊಟ್ಟರು. ತೂಕದ ಕೋಣೆಯಲ್ಲಿ ಹದಿನೆಂಟು ಜನರನ್ನೂ ನಿಲ್ಲಿಸಿ ಹಾಜರಿ ಪುಸ್ತಕದ ಹಾಳೆಯಲ್ಲಿ ಅಳತೆ ಬರೆದೆ. ಅಕ್ಕ ಹೇಳಿದ್ದು ಆಗ ಅರ್ಥವಾಯಿತು. ಸೊಂಟ ಚಿಕ್ಕ ಅಳತೆಯದ್ದು, ಭುಜ ದೊಡ್ಡ ಅಳತೆಯದ್ದು. ಅಂಗಡಿಯಲ್ಲಿ ಸಿದ್ಧವಿರುವ ಯಾವ ಅಂಗಿಯೂ ಈ ಮೈಗಳಿಗೆ ಕೂರುವುದಿಲ್ಲ. ಅವರು ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ರಾಗ್ಲಾನ್ ತೋಳು ಇಟ್ಟರು. ಭುಜದ ಮೇಲೆ ಹೊಲಿಗೆಯೇ ಬರುವುದಿಲ್ಲ, ಕೈ ಎತ್ತಿದರೆ ಅಂಗಿ ಮೇಲಕ್ಕೆ ಏಳುವುದಿಲ್ಲ. ಗೋಲಿ ಮೊದಲ ದಿನ ಹಾಕಿಕೊಂಡು ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ ಹಾಗೆಯೇ ಸ್ವಲ್ಪ ಹೊತ್ತು ನಿಂತಿದ್ದ.

ದೂರು ಮೂರು ಇವೆ. ಒಂದು, ಹೇಳಿದ ದಿನಕ್ಕೆ ಕೊಡಲಿಲ್ಲ. ಡಿಸೆಂಬರ್ ಕೊನೆಯ ವಾರ ಅಕ್ಕಪಕ್ಕದ ತೋಟಗಳ ಹುಡುಗರು ಸೇರಿ ಆಡುವ ಆಟಗಳಿರುತ್ತವೆ. ಶುಕ್ರವಾರ ಎಂದವರು ಭಾನುವಾರ ಸಂಜೆ ಕೊಟ್ಟರು. ಅಂದು ಬೆಳಗಿನ ಮೊದಲ ಆಟವನ್ನು ಹುಡುಗರು ಬಣ್ಣಬಣ್ಣದ ಹಳೆಯ ಬನಿಯನ್ನುಗಳಲ್ಲೇ ಆಡಿದರು. ಎದುರಿನ ತಂಡ ಹೊಸ ಜೆರ್ಸಿಯಲ್ಲಿತ್ತು. ನನಗೆ ಆ ಹೊತ್ತು ಬಹಳ ಸಂಕಟವಾಯಿತು, ಈಗಲೂ ಅದನ್ನು ಸಣ್ಣ ತಪ್ಪು ಎನ್ನಲು ಸಿದ್ಧನಿಲ್ಲ. ತಡವಾಗುವುದಾದರೆ ಮುಂಚೆಯೇ ಫೋನ್ ಮಾಡಬೇಕಿತ್ತು.

ಎರಡು, ಅವರು ಆರಿಸಿದ ಸಂಖ್ಯೆಯ ಅಚ್ಚಿನಲ್ಲಿ 3 ಮತ್ತು 8 ದೂರದಿಂದ ಒಂದೇ ರೀತಿ ಕಾಣುತ್ತವೆ. ರೆಫರಿ ಒಬ್ಬರ ತಪ್ಪಿಗೆ ಇನ್ನೊಬ್ಬರ ಸಂಖ್ಯೆ ಬರೆದುಕೊಂಡದ್ದೂ ಆಯಿತು. ತೋರಿಸಿದಾಗ 3ನೆಯ ಅಂಗಿಯನ್ನು ಹಣ ಕೇಳದೆ ಹೊಸದಾಗಿ ಮಾಡಿಕೊಟ್ಟರು. 13 ಮತ್ತು 18 ಹಾಗೆಯೇ ಉಳಿದಿವೆ.

ಮೂರನೆಯದು ಕನ್ನಡ ಅಕ್ಷರದ್ದು, ಇದನ್ನು ಅಂಗಿ ಹೊಲಿಸುವ ಎಲ್ಲರೂ ಗಮನಿಸಬೇಕು. ಮೊಬೈಲಿಗೆ ಕಳುಹಿಸಿದ ಮೊದಲ ನಮೂನೆಯಲ್ಲಿ ಸುಂಟಿಕೊಪ್ಪದ ಒತ್ತಕ್ಷರ ಒಡೆದು ಪಕ್ಕಪಕ್ಕದಲ್ಲಿ ಎರಡು ಪ ನಿಂತಿದ್ದವು. ಅದನ್ನು ತಿದ್ದಿದರು. ಆದರೆ ತೋಳಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ‘ಫ’ದ ಕೆಳಗಿನ ಸೀಳು ಬಣ್ಣ ತುಂಬಿಕೊಂಡು ಮುಚ್ಚಿಹೋಗಿ, ‘ಕಾಪಿಯವರು’ ಎಂದು ಓದಿಸುತ್ತದೆ. ಎದೆಯ ಮೇಲಿನ ದೊಡ್ಡ ಅಕ್ಷರದಲ್ಲಿ ಆ ತೊಂದರೆ ಇಲ್ಲ. ಇಂಗ್ಲಿಷಿನಲ್ಲಿ ಬರೆಯೋಣ ಎಂದು ಅಂಗಡಿಯವರು ಎರಡು ಸಲ ಕೇಳಿದ್ದರು. ಬೇಡ ಎಂದವನು ನಾನು, ಈಗಲೂ ಬೇಡ ಎಂದೇ ಹೇಳುತ್ತೇನೆ. ಅಕ್ಷರವನ್ನು ಬೆರಳಿನಷ್ಟಾದರೂ ದೊಡ್ಡದಾಗಿ ಹಾಕಿಸಿ, ಪರದೆಯಲ್ಲಿ ನೋಡಿ ಒಪ್ಪಬೇಡಿ, ಬಟ್ಟೆಯ ತುಂಡಿನ ಮೇಲೆ ಒತ್ತಿಸಿ ನೋಡಿ.

ಮಳೆಗಾಲದ ಬಗ್ಗೆ ಹೇಳುವುದು ಸ್ವಲ್ಪವೇ. ಜುಲೈನಲ್ಲಿ ಗದ್ದೆಯ ಕೆಸರಿನಲ್ಲಿ ಆಡಿದ ಮೇಲೂ ಬಾರ್ ಸೋಪಿಗೆ ಕಲೆ ಹೋಯಿತು. ಹಿಂಡಿ ನೆರಳಿನಲ್ಲಿ ಹಾಕಿದರೆ ಮರುದಿನಕ್ಕೆ ಒಣಗುತ್ತದೆ, ನಮ್ಮ ಆ ಹವೆಯಲ್ಲಿ ಇದು ಸಣ್ಣ ಮಾತಲ್ಲ. ಒಂದು ಎಚ್ಚರಿಕೆ: ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ರೂಢಿ ನಮ್ಮದು. ಪಾಲಿಯೆಸ್ಟರ್ ಅದನ್ನು ತಡೆಯುವುದಿಲ್ಲ. 6ನೆಯ ಸಂಖ್ಯೆಯ ಅಂಗಿಯ ಅಂಚು ಶಾಖಕ್ಕೆ ಮುದುಡಿ ಅಂಗೈ ಅಗಲ ಗಟ್ಟಿಯಾಗಿ ಹೋಯಿತು. ಆ ಹುಡುಗನ ಅಮ್ಮ ಮರುದಿನ ಹಾಜರಿಯ ಹೊತ್ತಿಗೆ ಅಂಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ತೋರಿಸಿ ಅತ್ತರು. ಅಂಗಡಿಯ ಅಕ್ಕ ಆ ಭಾಗವನ್ನು ಕತ್ತರಿಸಿ, ಕೆಳಗೆ ಹಸಿರು ಪಟ್ಟಿ ಕೊಟ್ಟು ಸರಿಮಾಡಿದರು, 40 ರೂಪಾಯಿ ತೆಗೆದುಕೊಂಡರು. ಈಗ ಉಳಿದ ಹುಡುಗರೂ ತಮಗೂ ಆ ಪಟ್ಟಿ ಬೇಕು ಎನ್ನುತ್ತಿದ್ದಾರೆ.

ಮೇ ತಿಂಗಳಲ್ಲಿ ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯ ನೋಡಲು ಹೋದಾಗ ಎಲ್ಲರೂ ಜೆರ್ಸಿ ಹಾಕಿಕೊಂಡೇ ಹೋಗಿದ್ದರು. ಆಡಲು ಅಲ್ಲ, ನೋಡಲು. ಪಕ್ಕದಲ್ಲಿ ಕುಳಿತವರೊಬ್ಬರು, “ಯಾವ ಎಸ್ಟೇಟಿನ ಹುಡುಗರು ನೀವು?” ಎಂದು ಕೇಳಿದರು. ನಮ್ಮ ಅಸ್ಸಾಮಿನ ಹುಡುಗ ಇನ್ನೂ ಸರಿಯಾಗಿ ಕನ್ನಡ ಬಾರದವನು. ಎದೆಯನ್ನು ಮುಂದೆ ಮಾಡಿ ಅಕ್ಷರಗಳ ಕೆಳಗೆ ಬೆರಳಿಟ್ಟು, “ಕಾಫಿಯವರು” ಎಂದು ಓದಿದ. ಓದಿದನೋ, ಬಾಯಿಪಾಠವೋ. ತೋಟದ ಹೆಸರನ್ನು ಹೇಳಲಿಲ್ಲ.

11ರ ಹುಡುಗನ ಮನೆಯವರು ಮಾರ್ಚ್ ಕೊನೆಯಲ್ಲಿ ರೋಬಸ್ಟಾ ಕೊಯ್ಲು ಮುಗಿಸಿ ಸಿದ್ದಾಪುರದ ಕಡೆಯ ತೋಟಕ್ಕೆ ಹೋದರು. ಹೊರಡುವ ದಿನ ಅವನು ಅಂಗಿಯನ್ನು ಒಗೆದು, ಮಡಚಿ, ಕಚೇರಿಯ ಮೇಜಿನ ಮೇಲಿಟ್ಟ. ತಂಡದ ಸೊತ್ತಲ್ಲವೇ ಎಂಬ ಲೆಕ್ಕ. ನಾನು ತೆಗೆದುಕೊಳ್ಳಲಿಲ್ಲ. ಅಲ್ಲಿಯೂ ಅದನ್ನೇ ಹಾಕಿ ಆಡುತ್ತಾನೆ ಎಂದು ಫೋಟೊ ಕಳುಹಿಸಿದ್ದಾನೆ. ಹಿಂದೆ ಸಿಲ್ವರ್ ಓಕ್ ಮರಗಳು, ಯಾರದೋ ಹೊಸ ಗೆಳೆಯರು, ನಡುವೆ ನಮ್ಮ ಕೆಂಪು.

ಈಗ ಅವನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಅಂಗಡಿಗೆ ಫೋನ್ ಮಾಡಿದೆ. ನಮ್ಮ ಚಿತ್ರ, ಬಣ್ಣ, ಅಚ್ಚು ಎಲ್ಲವನ್ನೂ ತೆಗೆದಿಟ್ಟಿದ್ದಾರಂತೆ, ಒಂದೇ ಅಂಗಿಯಾದರೂ ಮಾಡಿಕೊಡುತ್ತಾರೆ, ಬೆಲೆ 450 ಆಗುತ್ತದೆ. “11 ತಾನೇ ಅಣ್ಣ?” ಎಂದು ಅಕ್ಕ ಕೇಳಿದರು. ಅಲ್ಲ, 11 ಸಿದ್ದಾಪುರದಲ್ಲಿದೆ, ಇದಕ್ಕೆ 19 ಹಾಕಿ ಎಂದೆ. ಬರುವ ಭಾನುವಾರ ಹುಡುಗನನ್ನು ಕರೆದುಕೊಂಡೇ ಹೋಗುತ್ತೇನೆ, ಅಳತೆಯನ್ನು ಅವರೇ ತೆಗೆದುಕೊಳ್ಳಲಿ. ತೋಳಿನ ಮೇಲಿನ ‘ಫ’ವನ್ನು ಈ ಸಲ ಬಟ್ಟೆಯ ತುಂಡಿನ ಮೇಲೆ ಒತ್ತಿಸಿ ನೋಡಿದ ಮೇಲೆಯೇ ಮುಂಗಡ ಕೊಡುತ್ತೇನೆ.